ಅರಗು ಬಲ್ಲ ಅಲ್ಮಾಸಬಿ

ಬೆಟಗೇರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಾಹಬಾಜನ ಅಂಗಡಿ ಇದೆ. ನಾಲ್ಕು ವರ್ಷದ ಹಿಂದೆ ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದ. ಈಗ ಹಳೆಯ ಗ್ರಾಮಫೋನ್ ರೆಕಾರ್ಡು, ಟೇಪ್ ರೆಕಾರ್ಡರ್, ವಾಲ್ವ್ ರೇಡಿಯೊ ಮಾರುತ್ತಾನೆ. ಹುಬ್ಬಳ್ಳಿ, ಧಾರವಾಡದಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ. ನಮ್ಮ ಮನೆಯ ರೆಕಾರ್ಡುಗಳನ್ನೆಲ್ಲ ನಾನು ಹಿಂದೊಮ್ಮೆ ಪಾತ್ರೆಯವನಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತಂದಿದ್ದೆ. ಈಗ ಅಂಥವನ್ನೇ ಕೊಳ್ಳಲು ಈ ಅಂಗಡಿಯಲ್ಲಿ ಕೂರುತ್ತೇನೆ. ನನ್ನಷ್ಟು ಜಾಣ ಈ ಊರಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಅಂಗಡಿಯ ಹೆಸರು ಶಾಹಬಾಜನದು. ನಡೆಸುವುದು ಮಾತ್ರ ಹಿಂದಿನ ಕಟ್ಟೆಯ ಮೇಲೆ ಕೂರುವ ಅವನ ತಾಯಿಯ ಅಕ್ಕ ಅಲ್ಮಾಸಬಿ. ವಯಸ್ಸು ಅರವತ್ತೆರಡು, ಸಿಟ್ಟು ಮೂಗಿನ ಮೇಲೆ. ಗಂಡ ಫಕೀರಸಾಬ ಬಾಗಿಲು, ಮಂಚ, ತೊಟ್ಟಿಲಿಗೆ ಪಾಲಿಶ್ ಹೊಡೆಯುತ್ತಿದ್ದವರು. ಅರಗಿನ ತೆಳ್ಳನೆಯ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಬಾಟಲಿಯನ್ನು ಬಿಸಿಲಿಗಿಟ್ಟು, ದಿನಕ್ಕೆರಡು ಸಲ ಕುಲುಕಿ ಕರಗಿಸಿ ಪಾಲಿಶ್ ತಯಾರಿಸುವ ಕೆಲಸ ಮೂವತ್ತು ವರ್ಷ ಅಲ್ಮಾಸಬಿಯದೇ ಆಗಿತ್ತು. ಗಂಡನ ಕಣ್ಣು ಮಂಜಾದ ಮೇಲೆ ಪಾಲಿಶ್ ಬಟ್ಟೆಯನ್ನೂ ಇವರೇ ಹಿಡಿದರು. ಹೆಂಗಸಿನ ಕೈಯಲ್ಲಿ ಇದೆಲ್ಲ ಆದೀತೇ ಎಂದು ನಕ್ಕವರ ಮನೆಯ ಬಾಗಿಲುಗಳು ಇವತ್ತಿಗೂ ಹೊಳೆಯುತ್ತಿವೆ.

ರೆಕಾರ್ಡು ತೊಳೆಯಲು ಶಾಹಬಾಜ ಕರೆದ ಮೊದಲ ದಿನವೇ ಅವರು ಒಂದೊಂದನ್ನೂ ಮೂಸಿ, ಉಗುರಿನಿಂದ ತಟ್ಟಿ ಬೇರೆ ಮಾಡಿದರು.

"ಇವು ಎರಡು ಜಾತಿ ಅದಾವಲೇ. ಬಳಕೋವು ಪ್ಲಾಸ್ಟಿಕ್. ಬಿದ್ದರ ಒಡಿಯೋವು ಅರಗಿನವು. ಅರಗಿಗೆ ಸ್ಪಿರಿಟ್ ತೋರಸಬ್ಯಾಡ."

ಅವರದು ಅಂಟವಾಳದ ನೀರು, ಹಳೆಯ ಮಲಮಲ್ ಬಟ್ಟೆ, ನೆರಳು. ಶಾಹಬಾಜನಿಗೆ ಮನೆಯ ಹಿರಿಯರಿಗಿಂತ ಮೊಬೈಲಿನ ಮೇಲೆ ನಂಬಿಕೆ. ಸ್ಪಿರಿಟ್ ಹಚ್ಚಿ ಒರೆಸಿದರೆ ರೆಕಾರ್ಡು ಕನ್ನಡಿಯಾಗುತ್ತದೆ ಎಂದು ಅದರಲ್ಲಿ ಯಾರೋ ಹೇಳಿದ್ದರು. ಪ್ಲಾಸ್ಟಿಕ್ಕಿನ ನಾಲ್ಕೈದು ಹಾಗೆ ಹೊಳೆದೂ ಇದ್ದವು.

ಹೋದ ಸಂಕ್ರಾಂತಿಯ ಮರುದಿನ ಹಿರೇವಡ್ಡಟ್ಟಿಯಿಂದ ಕರಿಯವ್ವ ಎಂಬ ಎಂಬತ್ತರ ಅಜ್ಜಿ ಮೊಮ್ಮಗಳು ದುರ್ಗಾಳ ಜೊತೆ ಬಂದರು. ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದೇ ಒಂದು ಅರಗಿನ ರೆಕಾರ್ಡು.

"ಇದರಾಗ ನಾ ಹಾಡೇನಿ" ಎಂದರು ಕರಿಯವ್ವ.

"ಮನ್ಯಾಗ ಯಾರೂ ನಂಬಂಗಿಲ್ರಿ" ಎಂದು ದುರ್ಗಾ ನಕ್ಕಳು. "ಚೀಟಿ ಮ್ಯಾಲೆ ಆಯಿ ಹೆಸರ ಇಲ್ಲ."

ನಿಜ. ನಡುವಿನ ಹಳದಿ ಚೀಟಿಯ ಮೇಲೆ ನಾಟಕ ಕಂಪನಿಯ ಹೀರೋನ ಹೆಸರಷ್ಟೇ ಇತ್ತು. ಕರಿಯವ್ವನ ಗಂಡ ಆ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ.

"ಮೊದಲನೇ ನುಡಿ ಹೀರೋಂದು, ಎರಡನೇದು ನಂದು. ಮದುವಿಯಾಗಿ ಮೂರ ತಿಂಗಳಾಗಿತ್ತು. ಮೈಕ್ ಮುಂದ ನಿಂತಾಗ ಮ್ಯಾನೇಜರ, ಕೈಯಾಗಿನ ಬಳಿ ತಗಿ ಅಂದ. ತವರವರು ಇಡಿಸಿದ ಹಸರ ಬಳಿ. ಗಂಡ ಇದ್ದಾಗ ಯಾಕ ತಗೀಲಿ ಅಂದೆ, ಹಂಗ ಹಾಡಿದೆ. ಮೂರನೇ ಸಾಲಿನ್ಯಾಗ ಬಳಿ ಸದ್ದು ಮಾಡಿದ್ವು. ಆ ಸಿಟ್ಟಿಗೆ ನನ್ನ ಹೆಸರ ತಗದ." ರೆಕಾರ್ಡನ್ನು ಮುಂದೆ ಸರಿಸಿ ಹೇಳಿದರು, "ಅರವತ್ತು ವರ್ಷ ಆತು, ಕೇಳಿಲ್ಲ. ಈಕಿಗೆ ಒಮ್ಮೆ ಕೇಳಸ್ರಿ. ಸುಳ್ಳಿ ಅನ್ನಿಸಿಕೊಂಡು ಸಾಯಾಕ ನಾ ಒಲ್ಲೆ."

ಆಗ ಅಲ್ಮಾಸಬಿ ಒಳಗೆ ನಮಾಜಿಗೆ ಹೋಗಿದ್ದರು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಶಾಹಬಾಜ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ರೆಕಾರ್ಡಿನ ಅಂಚನ್ನು ಸುತ್ತ ಒರೆಸತೊಡಗಿದ. ಹತ್ತಿ ಕಪ್ಪಾಯಿತು.

"ಎಷ್ಟು ಕೊಳಿ ಬರಾಕತ್ತೈತಿ ನೋಡ್ರಿ ಸರ್" ಎಂದು ನನಗೆ ತೋರಿಸಿದ. ನಾನೂ ಮೆಚ್ಚಿ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ವಾಸನೆ ಒಳಗೆ ಹೋಗಿರಬೇಕು. ಅಲ್ಮಾಸಬಿ ಹೊರಗೆ ಬಂದು ಬಾಗಿಲಲ್ಲೇ ನಿಂತರು.

"ಅದು ಕೊಳಿ ಅಲ್ಲಲೇ, ಹಾಡು. ಇಡು ಕೆಳಗ."

ಶಾಹಬಾಜ ಹತ್ತಿಯನ್ನೂ ರೆಕಾರ್ಡನ್ನೂ ಕೆಳಗಿಟ್ಟ. "ಹೋತಾ?" ಎಂದು ಕರಿಯವ್ವ ಮೆಲ್ಲಗೆ ಕೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಪೈಕಿ ಅಲ್ಲ ಅಲ್ಮಾಸಬಿ.

"ಹಾಡು ಶುರುವಾಗೋ ಅಂಚಿಂದು ಹೋತು ನೋಡಮ್ಮಾ. ಒಳಗಿಂದ ಹೋಗಾಕ ನಾ ಬಿಡಂಗಿಲ್ಲ. ಹಸಿ ಅರಗು ಮುಟ್ಟಬಾರದು. ಗಟ್ಟಿಯಾಗೂತನಕ ಎಲ್ಲಾರೂ ಸುಮ್ಮ ಕುಂಡ್ರಿ."

ಎರಡು ತಾಸು ಕೂತೆವು. ಚಹಾ ಬಂತು, ಆರಿತು. ಆಮೇಲೆ ಅವರು ಒಳಭಾಗವನ್ನಷ್ಟೇ ಅಂಟವಾಳದ ನೀರಿನಿಂದ ಒರೆಸಿದರು. ಉಗುರಿನ ತುದಿಯಿಂದ ಗೆರೆಗಳನ್ನು ಸವರುತ್ತ ಹೋಗಿ, ಅಂಚಿನಿಂದ ಎರಡು ಬೆರಳು ಒಳಗೆ ನಿಲ್ಲಿಸಿದರು. "ಇಲ್ಲಿಂದ ಜೀವ ಐತಿ." ಕೀಲಿ ಕೊಡುವ ಗ್ರಾಮಫೋನಿಗೆ ಹೊಸ ಮುಳ್ಳು ಹಾಕಿ ಅಲ್ಲೇ ಇಳಿಸಿದರು.

ಕರಕರ ಸದ್ದು. ಹೀರೋನ ಕಡೆಯ ಸಾಲಿನ ಅರ್ಧ. ಹಾರ್ಮೋನಿಯಂ. ಆಮೇಲೆ ಒಂದು ಹುಡುಗಿಯ ದನಿ, ತೆಳ್ಳಗೆ, ಯಾರಿಗೂ ಹೆದರದ ದನಿ. ಒಂದು ಸಾಲು, ಎರಡು ಸಾಲು. ಕರಿಯವ್ವ ಬೆರಳೆತ್ತಿ "ಈಗ" ಎಂದರು.

ಕಿಣಿಕಿಣಿ ಎಂದು ಗಾಜಿನ ಬಳೆಯ ಸದ್ದು ಕೇಳಿಸಿತು.

ದುರ್ಗಾ ಅಜ್ಜಿಯ ಕೈ ನೋಡಿದಳು. ಗಂಡ ತೀರಿದ ಮೇಲೆ ಆ ಕೈಯಲ್ಲಿ ಬಳೆ ಇರಲಿಲ್ಲ. ಹಾಡು ಮುಗಿಯುವವರೆಗೆ ಅವಳು ಆ ಮಣಿಕಟ್ಟನ್ನು ಹಿಡಿದೇ ಇದ್ದಳು. "ಇನ್ನೊಮ್ಮೆ ಹಚ್ಚರಿ" ಎಂದವಳೂ ಅವಳೇ.

"ಹೀರೋಂದ ಅಷ್ಟೂ ಹೋತೇನು?" ಎಂದು ಕರಿಯವ್ವ ಕೇಳಿದರು. ಶಾಹಬಾಜ ತಲೆ ತಗ್ಗಿಸಿದ. "ಹೋಗಲಿ ಬಿಡಪಾ. ಅವಗ ಹೆಸರರ ಉಳದೈತಿ."

"ನಿಮಗೂ ಉಳೀಬೇಕು" ಎಂದರು ಅಲ್ಮಾಸಬಿ. ಶಾಹಬಾಜ ಪೆನ್ನು ತಂದ. "ಪೆನ್ ಬ್ಯಾಡ, ಶಾಯಿ ಹರಡತೈತಿ. ಪೆನ್ಸಿಲ್ ತಾ." ಹೀರೋನ ಹೆಸರಿನ ಕೆಳಗೆ ಅವನ ಕೈಯಿಂದಲೇ ಕರಿಯವ್ವ ಎಂದು ಬರೆಸಿದರು. ಹತ್ತಿಯ ಚಿಕ್ಕ ಉಂಡೆಯನ್ನು ಪಾಲಿಶ್‌ನಲ್ಲಿ ಅದ್ದಿ, ಹಿಂಡಿ, ಅಳಿಸಿಹೋಗದಂತೆ ಹೆಸರಿನ ಮೇಲೆ ಎಳೆಯಲು ಹೊರಟರು.

"ಖಾಲಾ, ಅದರಾಗ ಸ್ಪಿರಿಟ್ ಐತಲ್ಲ?" ಶಾಹಬಾಜ ಹೆದರಿಕೊಂಡೇ ಕೇಳಿದ.

"ಐತಿ. ಇದು ಕಾಗದ, ಅರಗಲ್ಲ. ಈಗ ಕೇಳಿದೆ ನೋಡು, ಇನ್ನ ನೀ ಕಲೀತಿ."

ಒಂದೇ ಕೈ ಪಾಲಿಶ್ ಎಳೆದರು. ಹೊರಗೆ ಅವರ ಊರಿನ ಕಡೆಯ ಮುಂಡರಗಿಯ ಬಸ್ಸು ಕೂಗಿ ಹೋಯಿತು, ಅದರ ಹಿಂದೆ ಇನ್ನೊಂದು. ಆ ಹೆಸರು ಒಣಗುವವರೆಗೆ ದುರ್ಗಾ ಎರಡು ಬಸ್ಸನ್ನೂ ಹತ್ತದೆ ಬಿಟ್ಟಳು.