ಒಂದೂವರೆ ಅಡಿಯಲ್ಲಿ ನೆಟ್ಟ ಬಿದಿರು

೧೯೮೧ರಲ್ಲಿ ನಾನು ಹೆಬ್ಬಾಳದ ಹತ್ತಿರ ಒಂದು ಖಾಸಗಿ ನರ್ಸರಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಮನೆಗಳಿಗೆ ಹೋಗಿ ಹುಲ್ಲುಹಾಸು, ಗಿಡದ ಬೇಲಿ ಬೆಳೆಸಿಕೊಡುವುದು ನನ್ನ ಕೆಲಸ. ಗಂಗಾನಗರದ ಜುಬೇದಾ ಅಮ್ಮನವರ ಮನೆಯ ಬೇಲಿಯನ್ನು ಮಾತ್ರ ನಾನು ಬೇಕೆಂದೇ ತಪ್ಪಾಗಿ ನೆಟ್ಟೆ.

ಅವರ ಯಜಮಾನರು ತೀರಿಕೊಂಡು ವಾರವಾಗಿತ್ತು. ಗಂಡ ಸತ್ತ ಮೇಲೆ ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವರು ಮನೆ ಬಿಟ್ಟು ಹೋಗುವಂತಿಲ್ಲ, ಪರಪುರುಷರ ಕಣ್ಣಿಗೆ ಬೀಳುವಂತಿಲ್ಲ. ಗಾಳಿಗೆಂದು ಇದ್ದದ್ದು ಮನೆಯ ಪಕ್ಕ ಚಪ್ಪಡಿ ಹಾಸಿದ ಕೂರುವ ಜಾಗ ಒಂದೇ. ಪಕ್ಕದ ಮನೆಯವನು ಕಾಂಪೌಂಡಿಗೆ ಅಂಟಿಸಿಯೇ ಹೊರಮೆಟ್ಟಿಲು ಕಟ್ಟಿಸಿದ್ದ. ಹತ್ತಿ ಇಳಿಯುವವರೆಲ್ಲ ಇಣುಕುತ್ತಿದ್ದರು. ಚಪ್ಪಡಿಗೂ ಕಾಂಪೌಂಡಿಗೂ ನಡುವೆ ಇದ್ದದ್ದು ಒಂದೂವರೆ ಅಡಿ ಮಣ್ಣು.

ಪರದೆಯ ಹಿಂದಿನಿಂದ ಅಮ್ಮ ಹೇಳಿದರು: "ಒಳಗೆ ಉಸಿರು ಕಟ್ಟತ್ತೆ ಅಣ್ಣಾ. ಸ್ವಲ್ಪ ಹೊತ್ತು ಆಕಾಶ ನೋಡ್ಬೇಕು. ಬೇಗ ಏನಾದ್ರೂ ಅಡ್ಡ ಮಾಡ್ಕೊಡಿ."

ಮೆಟ್ಟಿಲಿನ ಯಜಮಾನ ಪಿಳ್ಳಪ್ಪ. ಬಡಾವಣೆಯಾಗುವ ಮೊದಲು ಅಲ್ಲಿದ್ದ ಹೊಲ ಅವನದೇ. ಮೂರು ವರ್ಷದ ಹಿಂದೆ ಅವನ ಮನೆಗೆ ಗುಲಾಬಿ ನೆಟ್ಟುಕೊಟ್ಟಿದ್ದೆ. ಗೊಬ್ಬರ ಕದ್ದೆನೆಂದು ಆಳುಗಳ ಮುಂದೆ ನನ್ನ ಚೀಲ ಕೊಡವಿ ನೋಡಿದ್ದ. ಸಿಕ್ಕಿದ್ದು ಊಟದ ಡಬ್ಬಿ. ಅಂದಿನಿಂದ ಅವನ ಮೇಲೆ ಸೇಡು ಇಟ್ಟುಕೊಂಡಿದ್ದೆ.

ಅಂಥ ಇಕ್ಕಟ್ಟಿಗೆ ಮದರಂಗಿ ಸರಿ. ಅದು ಬೆಳೆಯುವವರೆಗೆ ತಡಿಕೆ ಕಟ್ಟಿದರೆ ಸಾಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನೆಲದೊಳಗೆ ಬೇರು ಹರಿಸುತ್ತಾ ಹೋಗುವ ಜಾತಿಯ ಬಿದಿರನ್ನು, ಎಂಟಡಿ ಎತ್ತರದ್ದನ್ನು, ಬುಡಸಮೇತ ತಂದು ಸಾಲಾಗಿ ನೆಟ್ಟೆ. ಎರಡು ವರ್ಷದಲ್ಲಿ ಪಿಳ್ಳಪ್ಪನ ಮೆಟ್ಟಿಲು ಬಿರಿಯಬೇಕು, ನಾನು ಅದನ್ನು ಕಣ್ಣಾರೆ ನೋಡಬೇಕು. ಅಷ್ಟೇ ನನ್ನ ಆಸೆ.

"ಬೇರು ನಮ್ಮ ಕಡೆ ಬರಲ್ವಾ?" ಎಂದು ಅಮ್ಮ ಕೇಳಿದರು.

"ಇಲ್ಲಮ್ಮ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅಂದು ಸಂಜೆಯೇ ಅವರು ಹೊರಗೆ ಕುರ್ಚಿ ಹಾಕಿ ಕುಳಿತರಂತೆ. ನಾನು ಆ ಬೀದಿಯಲ್ಲಿ ಹೋದಾಗಲೆಲ್ಲ ಮೆಟ್ಟಿಲ ಬುಡದಲ್ಲಿ ಬಿರುಕು ಹುಡುಕುತ್ತಿದ್ದೆ.

೧೯೮೩ರಲ್ಲಿ ಅಮ್ಮ ಹೇಳಿಕಳಿಸಿದರು. ಪಿಳ್ಳಪ್ಪನದು ಸೈಜುಕಲ್ಲಿನ ಆಳವಾದ ಪಾಯ. ಒಂದು ಗೀರೂ ಬಿದ್ದಿರಲಿಲ್ಲ. ಬೇರುಗಳು ಅಮ್ಮನ ನೀರಿನ ಸಂಪಿನ ತೇವ ಹುಡುಕಿಕೊಂಡು ಈಚೆಗೇ ನುಗ್ಗಿದ್ದವು. ಚಪ್ಪಡಿಗಳು ಎದ್ದಿದ್ದವು. ಎಡವಿ ಬಿದ್ದು ಅಮ್ಮನ ಮಣಿಕಟ್ಟು ಮುರಿದಿತ್ತು, ಕುರ್ಚಿ ಮತ್ತೆ ಒಳಗೆ ಸೇರಿತ್ತು.

ಎಲ್ಲವನ್ನೂ ಒಪ್ಪಿಕೊಂಡೆ, ಚೀಲದ ಕಥೆಯನ್ನೂ ಸೇರಿಸಿ.

"ನಿಮ್ಮ ಜಗಳಕ್ಕೆ ನನ್ನ ಜಾಗಾನೇ ಸಿಕ್ತಾ? ಎಲ್ಲಾ ಕಿತ್ಹಾಕಿ. ನಮ್ಮನೇಲಿ ಹಾರೆ ಇಲ್ಲ. ನರ್ಸರೀದೂ ಬೇಡ. ಪಿಳ್ಳಪ್ಪನೋರ ಹತ್ರ ಕೇಳಿ ತಗೊಂಡ್ಬನ್ನಿ. ಯಾಕೆ ಅಂತ ಕೇಳಿದ್ರೆ ನಿಜಾನೇ ಹೇಳಿ."

ಹೋದೆ. ಹೇಳಿದೆ. ಪಿಳ್ಳಪ್ಪ ನನ್ನ ಮುಖವನ್ನೇ ನೋಡಿದ.

"ಯಾವ ಚೀಲ? ನಂಗೆ ಗ್ಯಾನಾನೇ ಇಲ್ವಲ್ಲಪ್ಪ. ಆರೆ ಅಲ್ಲೈತೆ, ತಗಂಡೋಗು."

ಮೂರು ದಿನ ಅಗೆದೆ. ಚಪ್ಪಡಿ ಕೂರಿಸಿ, ಮದರಂಗಿ ನೆಟ್ಟು, ತಡಿಕೆ ಕಟ್ಟಿದೆ. ಅಮ್ಮನ ಕುರ್ಚಿ ಹೊರಗೆ ಬಂತು; ಅವರು ನನ್ನೊಡನೆ ಮಾತಾಡಲಿಲ್ಲ.

ಪಿಳ್ಳಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆಮೇಲೆ ಎಲ್ಲಿಗೇ ಬೇಲಿ ನೆಡಲು ಹೋದರೂ ಮಣ್ಣು ನೋಡುವ ಮೊದಲು ಪಕ್ಕದ ಮನೆಯವರು ಯಾರೆಂದು ಕೇಳುತ್ತಿದ್ದೆ. ನನಗಾಗದವರಾದರೆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಬರುತ್ತಿದ್ದೆ.