ಗಾಲಿಯ ಹಿಂದಿನ ನಿಂಬೆಹಣ್ಣು

ನಮ್ಮನೆಯವರು ಮನೆಯಲ್ಲಿ ಮಾತಾಡುತ್ತಿರಲಿಲ್ಲ. ನನ್ನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದರು ಎಂದಲ್ಲ, ಮಾತು ಅವರಿಗೆ ಮನೆಯೊಳಗೆ ಹುಟ್ಟುತ್ತಲೇ ಇರಲಿಲ್ಲ. ಚಹಾ ಬೇಕಾದರೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವರು, ಬೇಡವಾದರೆ ನಿಲ್ಲರು. ಭಾಂಡುಪ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿಕೊಂಡು ಸಂಸಾರ ಮಾಡಿದೆ. ಆದರೆ ಅದೇ ಮನುಷ್ಯನನ್ನು ಕಾರಿನಲ್ಲಿ ಕೂರಿಸಿ ಕೈಗೆ ಸ್ಟಿಯರಿಂಗ್ ಕೊಟ್ಟರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಭಾನುವಾರ ಊಟ ಮುಗಿಸಿ ನಾವು ಆಂಟಾಪ್ ಹಿಲ್‌ನಲ್ಲಿದ್ದ ನನ್ನ ಅಕ್ಕನ ಮನೆಗೆ ಹೊರಡುತ್ತಿದ್ದೆವು. ಹೈವೇ ಹತ್ತುವವರೆಗೆ ಗಂಟಲು ಸರಿಮಾಡಿಕೊಳ್ಳುವುದು, ಕಾಂಜೂರಿನ ಹತ್ತಿರ ಮೊದಲ ಮಾತು. ವಿಕ್ರೋಳಿ ಬಂತೆಂದರೆ ತಾವು ದುಡಿದ ಕಾರ್ಖಾನೆಯ ಕಥೆ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಗಾಜಿನ ಆಫೀಸು ಎದ್ದಿದೆ, ಆದರೂ ಪ್ರತಿ ವಾರ ಅತ್ತ ಕೈ ತೋರಿಸಿ, ತಮ್ಮ ಮಷೀನು ಯಾವ ಕಿಟಕಿಯ ಪಕ್ಕದಲ್ಲಿತ್ತು ಎಂದು ಹೇಳುವರು. ನಾನು ಪ್ರತಿ ವಾರ ಮೊದಲ ಸಲ ಕೇಳಿದವಳ ಹಾಗೆ ಹೌದೇ ಎನ್ನುತ್ತಿದ್ದೆ.

ಒಮ್ಮೆ ಸಾಯನ್‌ ಸಿಗ್ನಲ್‌ನಲ್ಲಿ ನಿಂತಾಗ, ಮುಂದಿನ ಟ್ಯಾಂಕರನ್ನೇ ನೋಡುತ್ತ, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು: "ನಿನ್ನ ನೋಡ್ಲಿಕ್ಕೆ ಧಾರವಾಡಕ್ಕ ಬಂದಾಗ ಅವಲಕ್ಕ್ಯಾಗ ಉಪ್ಪು ಭಾಳ ಆಗಿತ್ತು. ಬಿಟ್ರ ನಿನ್ನ ಬೈತಾರಂತ ಪೂರಾ ತಿಂದ್ನಿ."

ಮದುವೆಯಾಗಿ ಮಗನಿಗೂ ಮದುವೆ ಮಾಡಿಯಾಗಿತ್ತು. ಇಷ್ಟು ವರ್ಷ ಆ ಉಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಅದನ್ನು ಸಾಯನ್‌ ಸಿಗ್ನಲ್‌ನಲ್ಲಿ ತೆಗೆದಿಟ್ಟಿದ್ದರು. ನಾನು ನಕ್ಕೆ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರು ಗೇರು ಹಾಕಿದರು.

ಹಾಗಾಗಿ ಒಂದು ಮಳೆಗಾಲದಲ್ಲಿ ಅವರು ಗೇಟಿನ ಕಂಬಕ್ಕೆ ಕಾರು ಸವರಿಕೊಂಡು ಬಂದಾಗ, ಕಾರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ನನಗೆ. ಠಾಣೆ ಪಟ್ಟಣದಲ್ಲಿದ್ದ ಮಗ ಓಡಿಬಂದ. ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಬಿಡುತ್ತಾನೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಇದು ಮುಂಬೈ ರಸ್ತೆ, ನಾಳೆ ಯಾರಿಗಾದರೂ ಏನಾದರೂ ಆದರೆ ಎಂದು ಎರಡೂ ಭಾಷೆಯಲ್ಲಿ ತಿಳಿಹೇಳಿದ. ಕೊನೆಗೆ ಇನ್ನೊಂದು ಸಲ ಅಪ್ಪನ ತಪ್ಪಿನಿಂದ ಏನಾದರೂ ತಗುಲಿದರೆ ಕಾರಿನ ಚಾವಿ ತನ್ನ ಕೈಗೆ ಬರಬೇಕು ಎಂದು ಒಪ್ಪಿಸಿಕೊಂಡ. ನಮ್ಮನೆಯವರು ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಚಾವಿ ಹೋದರೆ ನಿನ್ನ ಅಪ್ಪನ ಡ್ರೈವಿಂಗ್ ಹೋಗುತ್ತದೆ, ನನಗೆ ಗಂಡನ ದನಿಯೇ ಹೋಗುತ್ತದೆ.

ಅದೇ ವರ್ಷದ ನವಮಿ ಬಂತು. ನಮ್ಮ ಬಿಲ್ಡಿಂಗಿನವರೆಲ್ಲ ಗಾಡಿಗಳ ಪೂಜೆ ಮಾಡುವುದು ದಸರೆಯ ದಿನ. ನಮ್ಮ ಕಡೆ ಖಂಡೇಪೂಜೆ, ಅಂದರೆ ಆಯುಧಪೂಜೆ, ನವಮಿಯಂದೇ. ಒಮ್ಮೆ ಪೂಜೆಗಿಟ್ಟ ಆಯುಧವನ್ನು ದಸರೆಯ ಬೆಳಿಗ್ಗೆಯವರೆಗೆ ಬಳಸುವಂತಿಲ್ಲ. ಈ ವಿಷಯದಲ್ಲಿ ನಮ್ಮನೆಯವರದು ಮಹಾ ಕಟ್ಟುನಿಟ್ಟು. ಅವರ ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರು, ನನ್ನ ಕತ್ತರಿ, ಈಳಿಗೆಮಣೆ, ಮಿಕ್ಸರ್, ಎಲ್ಲಕ್ಕೂ ಕುಂಕುಮ ಹಚ್ಚಿ ಸಾಲಾಗಿ ಕೂರಿಸಿಬಿಡುವರು. ಹಬ್ಬದ ಅಡುಗೆ ಮಾಡುವವಳು ಚಟ್ನಿ ಯಾವುದರಲ್ಲಿ ರುಬ್ಬಬೇಕು ಎಂಬುದಕ್ಕೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ.

ಕಾರಿಗೂ ಅದೇ ಶಾಸ್ತ್ರ. ನವಮಿಯ ಸಂಜೆ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಒತ್ತಿಡುವುದು. ದಸರೆಯ ಬೆಳಿಗ್ಗೆ ಕಾರು ಹೊರಗೆ ತೆಗೆಯುವಾಗ ಅವು ಒಡೆಯಬೇಕು. ಎಲ್ಲರೂ ಗಾಲಿಯ ಮುಂದೆ ಇಡುತ್ತಾರೆ, ಇವರು ಹಿಂದೆ ಇಡುತ್ತಿದ್ದರು. ನಮ್ಮ ಕಾರು ಕಾಂಪೌಂಡಿನ ಗೋಡೆಗೆ ಮೂತಿ ಮಾಡಿ ನಿಲ್ಲುತ್ತದೆ, ಹೊರಗೆ ಬರಬೇಕಾದರೆ ಹಿಂದಕ್ಕೇ ಬರಬೇಕು. ಮೊದಲ ವರ್ಷ ನಾನು ನಕ್ಕು, ಲಕ್ಷ್ಮಿ ನಿಮ್ಮ ಮನೆಗೆ ರಿವರ್ಸ್ ಗೇರಿನಲ್ಲಿ ಬರುತ್ತಾಳೇನು ಎಂದಿದ್ದೆ.

ಆ ಸಂಜೆ ಮೂರನೆಯ ಮಹಡಿಯ ಮರಾಠಿ ಆಜಿ ಕೆಳಗೆ ಕಾರಿನ ಪೂಜೆ ನಡೆದಲ್ಲಿಗೇ ಕುಂಕುಮಕ್ಕೆ ಬಂದಿದ್ದರು. ನಾನು ಅವರಿಗೆ ಕುಂಕುಮ ಹಚ್ಚಿ ಕೊಬ್ಬರಿ ಸಕ್ಕರೆ ಕೊಟ್ಟೆ. ಪೂಜೆ ಮುಗಿದ ಮೇಲೆ ನಮ್ಮನೆಯವರು ಕಾರಿನೊಳಗೆ ಹೋಗಿ ಕುಳಿತು ಚಾವಿ ಅರ್ಧ ತಿರುಗಿಸಿ ಹಾಡು ಹಚ್ಚಿದರು. ಗಾಲಿ ತಿರುಗಬಾರದು, ಹಾಡು ತಿರುಗಬಹುದು ಎಂದು ಅವರ ಲೆಕ್ಕ. ನಾನು ಆಜಿಯನ್ನು ಲಿಫ್ಟಿನವರೆಗೆ ಕಳಿಸಲು ಹೋದೆ. ಹಿಂದೆ ದಡ್ ಎಂಬ ಸಪ್ಪಳ, ಆಮೇಲೆ ತಗಡು ಹರಿದ ಸಪ್ಪಳ ಕೇಳಿಸಿತು.

ತಿರುಗಿ ಓಡಿದರೆ, ಆ ಆಜಿಯ ಮಗನದೇ ಕಾರು. ಗೇಟಿನಿಂದ ಒಳಗೆ ಬಂದು ತಿರುವು ತೆಗೆದುಕೊಂಡವನು ನಮ್ಮ ಕಾರಿನ ಹಿಂದಿನ ಮೂಲೆಗೆ ಬಡಿದು ತನ್ನ ಬಾಗಿಲುಗಳನ್ನು ಉದ್ದಕ್ಕೆ ಗೀರಿಕೊಂಡಿದ್ದ. ನಮ್ಮ ಬಂಪರು ಒಂದು ಕಡೆ ಜೋತುಬಿದ್ದಿತ್ತು. ಹುಡುಗ ಕೆಟ್ಟವನಲ್ಲ, ಹಬ್ಬಕ್ಕೆಂದು ತಂದ ಹೊಸ ಕಾರು ಅವನದು. ಅಂಕಲ್ ನೋಡದೆ ಹಿಂದಕ್ಕೆ ಬಂದರು, ಹಿಂದಿನ ಕೆಂಪು ದೀಪ ಹತ್ತಿದ್ದನ್ನು ನಾನೇ ಕಂಡೆ ಎಂದ. ದೀಪ ಹತ್ತಿದ್ದು ನಿಜ. ಕಾರಿನಲ್ಲಿ ಕುಳಿತರೆ ಸಾಕು, ನಮ್ಮನೆಯವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಅದನ್ನು ಹೇಳಬೇಕಾದವರು ಬಾಗಿಲು ತೆರೆದು ಇಳಿದು ಸುಮ್ಮನೆ ನಿಂತರು. ಕಾರಿನಿಂದ ಇಳಿದಿದ್ದರಲ್ಲ, ಮಾತೂ ಒಳಗೇ ಉಳಿದುಬಿಟ್ಟಿತ್ತು.

ಪೊಲೀಸ್ ಚೌಕಿಗೂ ಹೋಗಿಬಂದೆವು. ಅಲ್ಲಿದ್ದವರು ಯಾರಿಗೂ ಪೆಟ್ಟಾಗಿಲ್ಲ ತಾನೇ ಎಂದು ಕೇಳಿ, ಆದದ್ದು ಸೊಸೈಟಿಯ ಕಾಂಪೌಂಡಿನೊಳಗೆ, ರಸ್ತೆಯ ಮೇಲಲ್ಲ, ನಿಮ್ಮಲ್ಲೇ ಬಗೆಹರಿಸಿಕೊಳ್ಳಿ ಎಂದು ಕಳಿಸಿದರು. ಬಗೆಹರಿಸಬೇಕಾದ ಸೊಸೈಟಿಯ ಸೆಕ್ರೆಟರಿ ಕ್ಯಾಮೆರಾ ನೋಡಿದರೆ ಅದರಲ್ಲಿ ಬರೀ ಹಳದಿ ಬಣ್ಣ. ನವರಾತ್ರಿಯ ಗರಬಾ ಕುಣಿತಕ್ಕೆ ಹಾಕಿದ ಮಂಟಪದ ಬಟ್ಟೆ ಕ್ಯಾಮೆರಾದ ಮುಖಕ್ಕೇ ಬಂದಿತ್ತು. ಕಂಡವರು ಯಾರೂ ಇಲ್ಲ, ಹಿಂದಕ್ಕೆ ಬರುವವರೇ ನೋಡಿ ಬರಬೇಕು, ಅಂಕಲ್ ತಪ್ಪು ತಮ್ಮದೆಂದು ಒಂದು ಮಾತು ಬರೆದುಕೊಟ್ಟರೆ ಇನ್ಶೂರೆನ್ಸ್‌ನವರಿಗೆ ಸುಲಭ ಎಂದು ಸೆಕ್ರೆಟರಿ ತೀರ್ಪು ಕೊಟ್ಟರು. ಬೆಳಿಗ್ಗೆ ಕಮಿಟಿಯವರ ಮುಂದೆ ಬರೆದರಾಯಿತು ಎಂದೂ ಹೇಳಿದರು.

ಮನೆಗೆ ಬಂದು ನಾನು ಕೇಳಿದೆ, ನೀವು ಹಿಂದಕ್ಕೆ ತೆಗೆದಿರೇನು ಎಂದು. ಇಲ್ಲ ಎಂದು ತಲೆಯಾಡಿಸಿದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದರೆ ಎದ್ದು ಹೋಗಿ ಕೈಕಾಲು ತೊಳೆದರು. ಮೈ ಉರಿದುಹೋಯಿತು. ನಾಲಿಗೆಯನ್ನೂ ಖಂಡೇಪೂಜೆಗೆ ಇಟ್ಟೀರೇನು ಎಂದುಬಿಟ್ಟೆ.

ದಸರೆಯ ಬೆಳಿಗ್ಗೆ ಮಗ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಅಪ್ಪನ ಪಕ್ಕದಲ್ಲಿ ಕುಳಿತು, ಮೆತ್ತಗೆ, ಬರೆದುಕೊಡಿ ಪಪ್ಪಾ, ಹಬ್ಬದ ದಿನ ಜಗಳ ಯಾಕೆ ಎಂದ. ಚಾವಿಯ ಮಾತು ತೆಗೆಯಲಿಲ್ಲ, ಆದರೆ ಅವನ ಕಣ್ಣು ನಾವು ಚಾವಿ ತೂಗುಹಾಕುವ ಗೋಡೆಯ ಮೊಳೆಗೆ ಹೋದದ್ದನ್ನು ನಾನು ನೋಡಿದೆ. ನಮ್ಮನೆಯವರು ಪೆನ್ನು ಹುಡುಕತೊಡಗಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಂಪರಿನಿಂದ ಬಿದ್ದ ಮಾಲೆಯನ್ನಾದರೂ ಎತ್ತಿಡೋಣ ಎಂದು ಕೆಳಗಿಳಿದೆ.

ಚೆಂಡುಹೂ ಆರಿಸಲು ಬಗ್ಗಿದಾಗ ಹಿಂದಿನ ಗಾಲಿಯ ಬಳಿ ನಿಂಬೆಹಣ್ಣು ಕಾಣಿಸಿತು. ಇಟ್ಟಹಾಗೇ ಇತ್ತು, ಗುಂಡಗೆ, ಕುಂಕುಮದ ಬೊಟ್ಟಿನ ಸಮೇತ. ನಾಲ್ಕನ್ನೂ ನೋಡಿದೆ. ಒಂದೂ ಒಡೆದಿರಲಿಲ್ಲ. ಗಾಲಿಗೆ ಒತ್ತಿಟ್ಟಿದ್ದ ಹಣ್ಣಿಗೂ ಗಾಲಿಗೂ ನಡುವೆ ಈಗ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಕಾರು ಹಿಂದಕ್ಕೆ ಬಂದಿದ್ದರೆ ಹಣ್ಣು ಅಪ್ಪಚ್ಚಿಯಾಗಬೇಕಿತ್ತು. ಕಾರು ಪೆಟ್ಟು ತಿಂದು ಮುಂದಕ್ಕೆ ಸರಿದಿತ್ತು.

ನಾನು ಅಲ್ಲಿಂದಲೇ ಕೂಗಿ ಎಲ್ಲರನ್ನೂ ಕರೆದೆ. ಕಮಿಟಿಯವರು ಹಬ್ಬದ ಬಟ್ಟೆಯಲ್ಲಿ ಬಂದು ಸುತ್ತ ನಿಂತರು. ನಿಂಬೆಹಣ್ಣು ಗಾಲಿಯ ಮುಂದೆ ಇಡುವುದಲ್ಲವೇ, ರಿವರ್ಸಿಗೂ ಅದಕ್ಕೂ ಏನು ಸಂಬಂಧ ಎಂದರು ಸೆಕ್ರೆಟರಿ. ಬಗ್ಗಿ ನೋಡಿ ಎಂದೆ. ಪಂಚೆ ಎತ್ತಿಕಟ್ಟಿ ಅವರು ಬಗ್ಗಿದರು, ಎದ್ದಾಗ ಮುಖ ಬೇರೆಯಾಗಿತ್ತು. ಆಗ ಹುಡುಗ ಒಂದು ಮಾತೆಂದ, ಅದು ಸರಿಯಾದ ಪ್ರಶ್ನೆಯೇ ಆಗಿತ್ತು: ಇವನ್ನು ಆಮೇಲೆ ತಂದು ಇಟ್ಟಿಲ್ಲ ಎನ್ನುವುದಕ್ಕೆ ಏನು ಗುರುತು?

ಉತ್ತರ ಬಂದದ್ದು ಅವನ ತಾಯಿಯಿಂದ. ಆಜಿ ನೆರಿಗೆ ಹಿಡಿದುಕೊಂಡು ಮುಂದೆ ಬಂದರು. ಸಂಜೆ ಕುಂಕುಮಕ್ಕೆ ಬಂದಾಗ ಇವರ ಯಜಮಾನರು ಗಾಲಿಯ ಹಿಂದೆ ಹಣ್ಣು ಇಡುತ್ತಿದ್ದರು, ತಪ್ಪು ಕಡೆ ಇಡುತ್ತಿದ್ದೀರಿ ಎಂದು ನಾನೇ ಹೇಳಿದೆ, ಅವರು ನಕ್ಕರು ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಆಮೇಲೆ ಮಗನ ಕಡೆ ತಿರುಗಿ, ಇವರ ಮನೆಯ ಪ್ರಸಾದ ತಿಂದಿದ್ದೇನೆ, ಸುಳ್ಳು ನಿಲ್ಲಲು ಬಿಡುವುದಿಲ್ಲ ಎಂದರು.

ಹುಡುಗ ಬಗ್ಗಿ ಆ ಹಣ್ಣನ್ನು ಮುಟ್ಟಿ ನೋಡಿದ. ಆಮೇಲೆ ಮೇಲೆ ಹೋಗಿ ಬಂಗಾರವೆಂದು ಹಂಚುವ ಎಲೆ ತಂದು ನಮ್ಮನೆಯವರ ಕೈಗಿಟ್ಟು ಕಾಲಿಗೆ ಬಿದ್ದ. ನಮ್ಮಲ್ಲಿ ಬನ್ನಿ, ಅವರಲ್ಲಿ ಆಪಟಾ, ಎಲೆ ಬೇರೆ, ಕೊಡುವ ಮನಸ್ಸು ಒಂದೇ. ತಪ್ಪು ನನ್ನದು, ಬರೆದುಕೊಡುವವನು ನಾನು ಎಂದ. ನನಗೆ ಕುಣಿಯಬೇಕೆನಿಸಿತು. ನನ್ನ ಭಾನುವಾರ ಉಳಿಯಿತು, ವಿಕ್ರೋಳಿ ಉಳಿಯಿತು ಎಂದುಕೊಂಡೆ.

ನಮ್ಮನೆಯವರು ಜೇಬಿನಿಂದ ಚಾವಿ ತೆಗೆದರು. ಬಾಗಿಲು ತೆರೆಯಲು ಎಂದುಕೊಂಡೆ. ಅದನ್ನು ಮಗನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ತಪ್ಪು ನಂದಲ್ಲ, ಖರೆ," ಎಂದರು. "ಆದ್ರ ಕನ್ನಡಿ ನೋಡಕೋತನ ಕುಂತಿದ್ನಿ, ಅಷ್ಟು ದೊಡ್ಡ ಗಾಡಿ ಬಂದದ್ದು ನನಗ ಕಾಣ್ಲೇ ಇಲ್ಲ. ಸಪ್ಪಳಾದ ಮ್ಯಾಲೆ ತಿಳೀತು. ನಿಂಬಿಹಣ್ಣು ಇವತ್ತ ನೀನ ಒಡಿ."

ಕಾರಿನ ಹೊರಗೆ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಆವತ್ತೇ ಕೇಳಿದ್ದು. ಮಗ ಕಾರು ಹತ್ತಿ ಹಿಂದಕ್ಕೆ ತೆಗೆದ. ಹಣ್ಣುಗಳು ಚಿಟಿಲ್ ಚಿಟಿಲ್ ಎಂದು ಒಡೆದವು. ನಾನು ಗೆಲ್ಲಿಸಿದ ಮನುಷ್ಯ ಗೋಡೆಯ ಪಕ್ಕ ಕೈಕಟ್ಟಿ ನಿಂತು ನೋಡುತ್ತಿದ್ದರು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ರಾತ್ರಿಯೇ ಬರೆದುಕೊಟ್ಟಿದ್ದರೂ ಇಷ್ಟೇ ಆಗುತ್ತಿತ್ತಲ್ಲ ಎನಿಸಿತು.

ಮಗ ಒಳ್ಳೆಯವನು. ಬಂಪರು ರಿಪೇರಿ ಮಾಡಿಸಿ ಕಾರನ್ನು ನಮ್ಮಲ್ಲೇ ಬಿಟ್ಟ, ಬಿಡುವಾದ ಭಾನುವಾರ ತಾನೇ ಬಂದು ಅಕ್ಕನ ಮನೆಗೆ ಕರೆದೊಯ್ಯುತ್ತಿದ್ದ. ಅಪ್ಪ ಮುಂದೆ ಅವನ ಪಕ್ಕ, ನಾನು ಹಿಂದೆ. ಆದರೆ ಎಡಗಡೆಯ ಸೀಟಿನಲ್ಲಿ ನಮ್ಮನೆಯವರಿಗೆ ಮಾತು ಹುಟ್ಟಲಿಲ್ಲ. ವಿಕ್ರೋಳಿ ಬಂದು ಹೋಗುತ್ತಿತ್ತು, ಕೈ ಮೇಲೇಳುತ್ತಿರಲಿಲ್ಲ. ಹಿಂದೆ ಕುಳಿತ ನಾನು ಅವರ ನರೆತ ತಲೆಯನ್ನು ನೋಡುತ್ತ, ಯಾವ ಕಿಟಕಿ, ಹೇಳಿರಲ್ಲ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ನಾನೇ ಉಪಾಯ ಹುಡುಕಿದೆ. ಕಾರಿನ ಬಾಗಿಲಿನ ಎರಡನೇ ಚಾವಿ ನನ್ನ ಸಾಸಿವೆ ಡಬ್ಬಿಯಲ್ಲಿತ್ತು. ಒಂದು ಸಂಜೆ ಕಾರಿನ ಧೂಳು ಒರೆಸೋಣ ಬನ್ನಿ ಎಂದು ಕೆಳಗೆ ಕರೆದುಕೊಂಡು ಹೋದೆ. ಒರೆಸಿದ ಮೇಲೆ ಕಾಲು ನೋಯುತ್ತದೆ ಎಂದು ಎಡಗಡೆ ಹತ್ತಿ ಕುಳಿತೆ. ಅವರು ಒರೆಸುವ ಬಟ್ಟೆ ಮಡಚಿಟ್ಟು, ಬಲಗಡೆ ಹತ್ತಿ ಕುಳಿತು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟರು. ಮುಂದೆ ಕಾಂಪೌಂಡಿನ ಗೋಡೆ. ಗಂಟಲು ಸರಿಮಾಡಿಕೊಂಡರು. ಆಮೇಲೆ ಅವರು ನಮ್ಮ ಮಾವನವರು ಒಮ್ಮೆ ಸೈಕಲ್ಲಿನಿಂದ ಬಿದ್ದ ಕಥೆ ಹೇಳಿದರು.

ಹೀಗೆ ಎಷ್ಟೋ ಸಂಜೆಗಳು. ಮೂರನೆಯ ಮಹಡಿಯ ಹುಡುಗ ಆಫೀಸಿನಿಂದ ಬರುವಾಗ ನಮ್ಮ ಹಿಂದೆ ಬಹಳ ನಿಧಾನವಾಗಿ ತಿರುಗಿಸಿಕೊಂಡು, ಕಿಟಕಿಗೆ ಬಗ್ಗಿ, ಇವತ್ತು ಎಲ್ಲಿಯವರೆಗೆ ಅಂಕಲ್ ಎಂದು ಕೇಳುತ್ತಿದ್ದ. ಕಾಂಜೂರು ದಾಟಿದೆವು ಎನ್ನುತ್ತಿದ್ದರು ಇವರು. ಮುಂಬೈಯಲ್ಲಿ ನನ್ನಷ್ಟು ದೂರ ಹೋದ ಹೆಂಗಸು ಆಗ ಇನ್ನೊಬ್ಬಳು ಇರಲಿಲ್ಲ.

ಈಗ ಅವರಿಲ್ಲ. ಕಾರು ಇದೆ. ಮಾರಿಬಿಡೋಣ ಎಂದು ಮಗ ಕೇಳುತ್ತಾನೆ, ಇನ್ನೊಂದು ದಸರೆ ಆಗಲಿ ಎಂದು ನಾನು ಮುಂದೂಡುತ್ತೇನೆ. ನವಮಿಯ ಸಂಜೆ ನಾನೇ ತೊಳೆದು, ಮಾಲೆ ಹಾಕಿ, ಗಾಲಿಯ ಹಿಂದೆ ನಿಂಬೆಹಣ್ಣು ಒತ್ತಿಡುತ್ತೇನೆ. ದಸರೆಯ ಬೆಳಿಗ್ಗೆ ಮಗ ಬರುವ ಮೊದಲೇ ಒಬ್ಬಳೇ ಇಳಿದುಹೋಗಿ ಬಗ್ಗಿ ನೋಡುತ್ತೇನೆ. ಇಟ್ಟಹಾಗೇ ಇರುತ್ತವೆ, ನಾಲ್ಕೂ.

ಆವತ್ತು ಅವು ಒಡೆಯದೆ ಉಳಿದವೆಂದು ಎಲ್ಲರೆದುರು ಎಷ್ಟು ಮೆರೆದೆ. ಈಗ ಒಂದು ಬೆಳಿಗ್ಗೆಯಾದರೂ ಅವು ಜಜ್ಜಿಹೋಗಿರಲಿ ಎಂದು ಆಸೆಪಡುತ್ತೇನೆ. ಕಾರು ಹಿಂದಕ್ಕೆ ಬಂದಿರಲಿ, ಯಾರ ಬಾಗಿಲಿಗಾದರೂ ಬಡಿದಿರಲಿ. ಕಮಿಟಿಯವರನ್ನೆಲ್ಲ ಕರೆದು, ತಪ್ಪು ನಮ್ಮನೆಯವರದೇ ಎಂದು ನನ್ನ ಕೈಯಾರೆ ಬರೆದುಕೊಡುತ್ತೇನೆ.