ಹಾಲುಗಂಬ ನಿಲ್ಲಿಸಿದವರು

ಅವರ ಕೈಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಐವತ್ತು ವರ್ಷ ತೆಂಗಿನ ನಾರಿನ ಹಗ್ಗ ಎಳೆದು ಎಳೆದು, ಕೈ ಖಾಲಿಯಿದ್ದಾಗಲೂ ಹಗ್ಗ ಹಿಡಿದಿರುವಂತೆಯೇ ಅವು ಒಳಕ್ಕೆ ಬಾಗಿರುತ್ತಿದ್ದವು. ನಮಸ್ಕಾರ ಮಾಡಿದರೆ ಅಂಗೈಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ನಡುವೆ ಒಂದು ಗುಬ್ಬಚ್ಚಿ ಕೂರುವಷ್ಟು ಜಾಗ ಉಳಿಯುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕವಳಿದ್ದಾಗ ನಾನು ಅದನ್ನೇ ದಿಟ್ಟಿಸುತ್ತಿದ್ದೆ. ಅವರಿಗೆ ಗೊತ್ತಾಗಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಳ್ಳುತ್ತಿದ್ದರು.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ಒಂದು ಸಂದಿಯಲ್ಲಿ ಅವರ ಬೊಂಬುಗಳು ಗೋಡೆಗೆ ಒರಗಿ ನಿಂತಿರುತ್ತಿದ್ದವು. ದೊಡ್ಡವರು ಅವರನ್ನು ಚಪ್ಪರದವರು ಎನ್ನುತ್ತಿದ್ದರು, ನನಗೆ ಅವರು ಚಪ್ಪರದ ತಾತ. ನಾವಿದ್ದದ್ದು ಅಮ್ಮನ ತವರುಮನೆಯಲ್ಲಿ. ಅಮ್ಮನ ಮದುವೆ ಆ ಮನೆಯ ಮುಂದೆಯೇ, ರಸ್ತೆಯಗಲಕ್ಕೂ ಚಪ್ಪರ ಹಾಕಿ ನಡೆದದ್ದಂತೆ. ಹಾಕಿದವರು ಇವರೇ. ಆಮೇಲೆ ಮದುವೆಗಳೆಲ್ಲ ಛತ್ರಗಳಿಗೆ ಹೋದವು. ಇವರ ಪಾಲಿಗೆ ಉಳಿದದ್ದು ರಾಮನವಮಿಯ ಪಾನಕದ ಚಪ್ಪರ, ಗಣೇಶನ ಪೆಂಡಾಲು, ಸಾವಾದ ಮನೆಯ ಮುಂದಿನ ಶಾಮಿಯಾನ.

ಯಾವ ಕೆಲಸಕ್ಕೆ ಕರೆದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಷ್ಟೊತ್ತಿಗೆ ಕೂತ್ಕೋತೀರ?" ಬೆಳಿಗ್ಗೆ ಒಂಬತ್ತರ ನೆರಳು ಬೇರೆ, ಹನ್ನೊಂದರ ನೆರಳು ಬೇರೆ. ಜನ ಕೂರುವ ಹೊತ್ತು ತಿಳಿಯದೆ ಅವರು ಕಂಬಕ್ಕೆ ಒಂದು ಗುಣಿಯನ್ನೂ ತೆಗೆಸುತ್ತಿರಲಿಲ್ಲ. ಶಾಮಿಯಾನಕ್ಕೆ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಿದ್ದರು, ಮದುವೆಯ ಚಪ್ಪರಕ್ಕೆ ಕುಡುಗೋಲಿನಿಂದ ಕೊಯ್ದೇ ತೆಗೆಯಬೇಕಾದ ಗಂಟು. ಕೆಲಸದವರ ಮೇಲೆ ಬಾಯಿ ಮಾತ್ರ ಜೋರು. "ಹಗ್ಗ ಎಳಿಯೋ ಅಂದ್ರೆ ಹೆಂಡ್ತಿಗೆ ಜಡೆ ಹಾಕ್ದಂಗೆ ಹಾಕ್ತೀಯಲ್ಲೋ" ಎಂದು ಅವರು ಬೈಯುವುದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಸ್ಪತ್ರೆಯಿಂದ ಅಪ್ಪನನ್ನು ತರುವ ಹೊತ್ತಿಗೆ ಮನೆ ಮುಂದೆ ಶಾಮಿಯಾನ ನಿಂತಿತ್ತು. ಯಾರೂ ಹೇಳಿಕಳಿಸಿರಲಿಲ್ಲ. ಅಂದು ಅವರು ಯಾರನ್ನೂ ಬೈಯಲಿಲ್ಲ, ಕೈಸನ್ನೆಯಲ್ಲೇ ಕೆಲಸ ಮುಗಿಸಿದರು.

ಅದಾಗಿ ಮೂರು ವರ್ಷಕ್ಕೆ ಸೋದರತ್ತೆಯ ಮಗಳ ಮದುವೆ, ಬಸವನಗುಡಿಯ ಒಂದು ದೊಡ್ಡ ಛತ್ರದಲ್ಲಿ. ಆರತಿಯ ತಟ್ಟೆ ಮಂಟಪದ ಅಂಚಿನಲ್ಲಿತ್ತು. ಯಾರೋ ಎತ್ತಿಕೊಡಿ ಎಂದಾಗ ಹತ್ತಿರವಿದ್ದ ಅಮ್ಮ ಬಗ್ಗಿ ಅದಕ್ಕೆ ಕೈ ಹಾಕಿದಳು. ಅತ್ತೆ ಮೆಲ್ಲಗೆ ಅಮ್ಮನ ಮಣಿಕಟ್ಟು ಹಿಡಿದು, "ನೀನು ಊಟದ ಹಾಲ್ ನೋಡ್ಕೋ ಹೋಗೆ, ಅಲ್ಲಿ ಯಾರೂ ಇಲ್ಲ" ಎಂದರು. ಅತ್ತೆ ಕೆಟ್ಟವರಲ್ಲ, ಅದನ್ನು ಪ್ರೀತಿಯಿಂದಲೇ ಹೇಳಿದರು. ಅಮ್ಮ ಊಟದ ಹಾಲಿಗೆ ಹೋಗಿ, ಮದುವೆ ಮುಗಿಯುವ ತನಕ ಲೋಟಗಳನ್ನು ಜೋಡಿಸುತ್ತ ಇದ್ದಳು.

ನನ್ನ ಮದುವೆ ಹೇಗಿರಬೇಕೆಂದು ಅಂದೇ ತೀರ್ಮಾನಿಸಿದೆ. ಛತ್ರ ಬೇಡ, ಮಂಟಪ ಬೇಡ, ಯಾವ ಶಾಸ್ತ್ರವೂ ಬೇಡ. ಶಾಸ್ತ್ರವೇ ಇಲ್ಲದಿದ್ದರೆ ಅಮ್ಮನನ್ನು ಯಾವುದರಿಂದ ದೂರ ಕಳಿಸುತ್ತಾರೆ? ಮದುವೆ ಗೊತ್ತಾದಾಗ ನನ್ನ ಕೈಹಿಡಿಯಲಿದ್ದವರೂ ಒಪ್ಪಿದರು. ಮಾಗಡಿಯ ಕಡೆ ಗೆಳತಿಯ ಮನೆಯವರ ಜಮೀನಿತ್ತು. ಕೆರೆ ಏರಿಯ ಕೆಳಗೆ ಹನ್ನೊಂದು ಹೊಂಗೆ ಮರ, ಪಕ್ಕದಲ್ಲಿ ಪಂಪ್‌ಹೌಸು. ಏಪ್ರಿಲಿನಲ್ಲಿ ಅಲ್ಲಿ ನೆಲವೆಲ್ಲ ಹೊಂಗೆ ಹೂವು. ಹಾರ ಬದಲಾಯಿಸಿ, ಸಹಿ ಹಾಕಿ, ಎಲ್ಲರೂ ಚಾಪೆಯ ಮೇಲೆ ಕೂತು ಉಣ್ಣುವುದು. ಸ್ಟೀಲ್ ಲೋಟ, ಮಡಕೆಯಲ್ಲಿ ಮಜ್ಜಿಗೆ, ಗಾಂಧಿ ಬಜಾರಿನಿಂದ ಮಲ್ಲಿಗೆ ಮತ್ತು ಮರುಗ ಮಾತ್ರ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಮ್ಮನಿಗೆ, ಸರಳವಾಗಿ ಮಾಡಿಕೊಳ್ಳುತ್ತೇವೆ ಎಂದಷ್ಟೇ ಹೇಳಿದೆ. ಅವಳು ಆಗಲಿ ಎಂದಳು. ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವವರಲ್ಲ.

ವಯಸ್ಸಾದ ನಾಲ್ಕೈದು ಜನರಿಗೆ ಬಿಸಿಲು ಬೀಳಬಾರದೆಂದು ಒಂದು ಬಟ್ಟೆ ಕಟ್ಟಿಸಲು ತಾತನನ್ನು ಕೇಳಿದೆ. ಜಾಗ ನೋಡದೆ ಆಗುವುದಿಲ್ಲ ಎಂದರು. ಒಂದು ಭಾನುವಾರ ಕಾರು ಮಾಡಿಕೊಂಡು ಹೋದೆವು. ಅವರು ಚಪ್ಪಲಿಯನ್ನು ಏರಿಯ ಮೇಲೆಯೇ ಬಿಟ್ಟು ಇಳಿದರು. "ವಯಸ್ಸಾದೋರಿಗೆ ಬಾತ್‌ರೂಮು?" ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ. ಪಂಪ್‌ಹೌಸಿನ ಹಿಂದೆ ಒಂದಿದೆಯೆಂದು ಗೆಳತಿಗೆ ಫೋನು ಮಾಡಿ ತಿಳಿದುಕೊಂಡೆ. ಆಮೇಲೆ ಅವರು ಅತಿ ದೊಡ್ಡ ಮರದ ಬುಡದಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ಎದ್ದು, ನೆರಳಿನ ಅಂಚಿಗೆ ಒಂದೊಂದು ಕಲ್ಲಿಟ್ಟು ಬರುತ್ತಿದ್ದರು. ಆಗಲೇ ಕೆಮ್ಮು ಹತ್ತಿತ್ತು.

"ಅಮ್ಮಣ್ಣಿ, ಚಪ್ಪರ ಯಾಕೆ ಬೇಡ?" ಎಂದು ಕೇಳಿದರು.

ಸುಮ್ಮನೆ, ಸರಳವಾಗಿರಲಿ ಅಂತ ಎಂದೆ.

"ನಿಮ್ಮಮ್ಮ ನನ್ನ ಹತ್ರ ಬಂದಿದ್ರು."

ಅಮ್ಮ ಹೋದ ಶುಕ್ರವಾರ ಅವರಲ್ಲಿಗೆ ಹೋಗಿದ್ದಳಂತೆ. ನಾಲ್ಕೇ ಕಂಬ ಸಾಕು, ಒಂದು ಚಪ್ಪರ ಹಾಕಿಬಿಡಿ, ಬಿಸಿಲಿಗೆ ಅಂತ ಮಗಳಿಗೆ ಹೇಳಿ, ನಾನು ಬಂದದ್ದು ಹೇಳಬೇಡಿ ಎಂದಳಂತೆ. "ನಾನು ಹೀಗಿರೋದ್ರಿಂದ ತಾನೆ ನನ್ನ ಮಗಳು ಚಪ್ಪರಾನೂ ಇಲ್ದೆ ಮದುವೆ ಆಗ್ತಿದಾಳೆ, ಅಂದ್ರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನನಗೆ ಅದೇ ಸಂಕಟ ಆಯ್ತು."

ಅಮ್ಮನನ್ನು ಕಾಪಾಡಲೆಂದು ನಾನು ಹೊಡೆದುಹಾಕಿದ ಒಂದೊಂದು ಶಾಸ್ತ್ರವನ್ನೂ ಅವಳು ತನ್ನ ತಪ್ಪೆಂದು ಹೊತ್ತುಕೊಂಡಿದ್ದಳು. ಛತ್ರದಲ್ಲಿ ನಡೆದದ್ದನ್ನು ಮೊದಲ ಬಾರಿಗೆ ಒಬ್ಬರ ಮುಂದೆ ಹೇಳಿದೆ. ತಾತ ಪೂರ್ತಿ ಕೇಳಿದರು.

"ಅವ್ರು ನಿನಗೆ ಹೇಳಲ್ಲ, ನೀನು ಅವ್ರಿಗೆ ಹೇಳಲ್ಲ. ಇಬ್ರೂ ಬಂದು ನನ್ನ ಹತ್ರ ಹಾಕ್ತೀರ. ನಾನೇನು ಪೋಸ್ಟ್ ಡಬ್ಬಾನಾ?" ಎಂದು ಎದ್ದು ಇನ್ನೊಂದು ಕಲ್ಲಿಟ್ಟು ಬಂದರು.

ಚಪ್ಪರವೆಂದರೆ ಮೊದಲು ಹಾಲುಗಂಬ. ಗುಣಿಗೆ ನವಧಾನ್ಯ ಹಾಕಿ, ಮೊದಲ ಕಂಬವನ್ನು ನಿಲ್ಲಿಸಿ, ಮುತ್ತೈದೆಯರು ಅದಕ್ಕೆ ಹಾಲೆರೆಯಬೇಕು. ಅಲ್ಲಿ ಮತ್ತೆ ಅಮ್ಮ ದೂರ ನಿಲ್ಲಬೇಕಾಗುತ್ತದಲ್ಲ ಎಂದೆ.

"ಅದು ನನಗೆ ಬಿಡು."

ಮದುವೆಯ ಹಿಂದಿನ ದಿನ ಅವರು ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಂದರು. ಕೆಮ್ಮು ಎದೆಗೆ ಇಳಿದಿತ್ತು. ಹತ್ತಬೇಡಿ, ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮೊಡನೆ ಮೂವತ್ತು ವರ್ಷ ದುಡಿದ ಆಳಿಗೆ ಬೈಯುತ್ತ ಗುಣಿ ತೆಗೆಸಿದರು. ನಮ್ಮ ಕಡೆಯ ಎಂಟು ಹತ್ತು ಜನ ಬಂದಿದ್ದೆವು. ಅಮ್ಮ ಎಲ್ಲರಿಂದ ದೂರ, ಕೊನೆಯ ಮರದ ಕೆಳಗೆ ವೀಳ್ಯದೆಲೆ ಒರೆಸುತ್ತ ಕೂತಿದ್ದಳು.

ಕಂಬ ತಂದಾಗ ತಾತ ಕುರ್ಚಿಯಿಂದೆದ್ದು ಅದನ್ನು ತಾವೇ ಹಿಡಿದುಕೊಂಡರು. ಸೋದರತ್ತೆ ಹಾಲಿನ ಚೊಂಬು ಹಿಡಿದು ಮುಂದೆ ಬಂದರು.

"ನೀವಲ್ಲ ಅಮ್ಮಾವ್ರೆ. ಮದುಮಗಳ ತಾಯಿ ಬರ್ಲಿ."

"ಅವಳು... ನಿಮಗೆ ಗೊತ್ತಲ್ಲ" ಎಂದರು ಅತ್ತೆ.

"ಗೊತ್ತು. ಅವತ್ತು ಶಾಮಿಯಾನ ಹಾಕ್ದೋನು ನಾನೇ."

ಯಾರೋ ಅಮ್ಮನನ್ನು ಕರೆದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ವಿಷಯ ತಿಳಿದು, ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡಿ. ನಾನು ಮುಟ್ಟಿ, ನಾಳೆ ಏನಾದ್ರೂ ಕೆಟ್ಟದ್ದಾದ್ರೆ ಹೇಗೆ ತಡ್ಕೊಳ್ಳಲಿ?" ಅಷ್ಟು ಜನರ ಮುಂದೆ ಅವಳು ಅದನ್ನು ಬಾಯಿಬಿಟ್ಟು ಹೇಳಿಬಿಟ್ಟಳು. ಆ ಭಯ ಅವಳೊಳಗೆ ಅಷ್ಟು ಆಳದಲ್ಲಿದೆಯೆಂದು ನನಗೂ ಗೊತ್ತಿರಲಿಲ್ಲ.

ತಾತ ಕಂಬ ಬಿಡಲಿಲ್ಲ. "ನನ್ನ ಹೆಂಡ್ತಿ ಹೋಗಿ ಹದಿನಾಲ್ಕು ವರ್ಷ ಆಯ್ತು ಅಮ್ಮಾವ್ರೆ. ಆಮೇಲೂ ಹಾಲುಗಂಬ ನಿಲ್ಲಿಸಿದೀನಿ. ನಿನಗೆ ಹೆಂಡ್ತಿ ಇಲ್ಲ, ಕಂಬ ಮುಟ್ಟಬೇಡ ಅಂತ ಒಬ್ರೂ ಅನ್ಲಿಲ್ಲ. ನಾನು ಹಿಡ್ಕೊಳ್ಳೋದಾದ್ರೆ ನೀವು ಹಾಲು ಹಾಕ್ಬಹುದು." ಸ್ವಲ್ಪ ಸುಧಾರಿಸಿಕೊಂಡು, "ಬೇಗ ಬನ್ನಿ, ಕೈ ನೋಯ್ತಿದೆ" ಎಂದರು.

ಅತ್ತೆ ಒಂದು ಗಳಿಗೆ ನೆಲ ನೋಡುತ್ತ ನಿಂತಿದ್ದು, ಆಮೇಲೆ ಚೊಂಬನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಎರೆದ ಹಾಲು ಅರ್ಧ ಕಂಬಕ್ಕೆ, ಅರ್ಧ ತಾತನ ಬೆರಳುಗಳ ಮೇಲೆ ಬಿತ್ತು.

ಮೂರು ಗಂಟೆಗೆ ಚಪ್ಪರ ಮುಗಿಯಿತು. ಅಡುಗೆಯವರು ಬರುವುದು ಮರುದಿನ ಬೆಳಿಗ್ಗೆಯಾದ್ದರಿಂದ ನಾವು ನೆಂಟರಿಗೆ ಮಾತ್ರ ಹೋಟೆಲಿನಿಂದ ಪೊಟ್ಟಣ ತರಿಸಿದ್ದೆವು. ತಾತನಿಗೂ ಕೆಲಸದವರಿಗೂ ಕಾಫಿ, ಬಿಸ್ಕತ್ತು. ದಾರಿಯಲ್ಲಿ ಉಣ್ಣುತ್ತೇವೆ ಬಿಡಿ ಎಂದರು, ನಾವು ಬಿಟ್ಟೆವು. ಹೊರಡುವಾಗ ತಾಂಬೂಲ ಕೊಟ್ಟು ನಮಸ್ಕರಿಸಿದೆ. ಚೆನ್ನಾಗಿರಮ್ಮಣ್ಣಿ ಎಂದರು. ನಾಳೆ ಬನ್ನಿ ಎಂಬ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. ತೀರ ಹತ್ತಿರದವರು ಮಾತ್ರ ಎಂದು ನಲವತ್ತು ಹೆಸರುಗಳನ್ನು ಅಳೆದು ತೂಗಿ ಆರಿಸಿದ್ದೆ. ಅದರಲ್ಲಿ ಅವರ ಹೆಸರಿರಲಿಲ್ಲ. ಚಪ್ಪರ ಹಾಕಿದವರು ಹಾಕಿ ಹೋಗುತ್ತಾರೆ ಎಂದು ನಾನೂ ಎಲ್ಲರಂತೆಯೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಚಾಪೆ ಹಾಸಲು ಅವರ ಆಳು ಒಬ್ಬನೇ ಬಂದ. ತಾತ ಹೇಗಿದ್ದಾರೆ ಎಂದು ಕೇಳಿದೆ. "ಮಲ್ಗಿದಾರೆ ಅಕ್ಕಾ" ಎಂದು ಮುಖವೆತ್ತದೆ ಕೆಲಸ ಮುಂದುವರಿಸಿದ. ತಿಂಡಿ ತಿನ್ನೆಂದು ಅಮ್ಮ ಎಷ್ಟು ಹೇಳಿದರೂ ಕೂರದೆ, ಕೊನೆಯ ಚಾಪೆ ಹಾಸಿ ಹೊರಟುಹೋದ. ಮದುವೆ ಆಯಿತು. ಶಾಸ್ತ್ರ ಬೇಡವೆಂದಿದ್ದ ನಾನು ಧಾರೆಯೊಂದು ಇರಲಿ ಎಂದೆ. ಅಮ್ಮನೇ ಎರೆದಳು, ಒಬ್ಬರೂ ತಡೆಯಲಿಲ್ಲ.

ಮೂರನೆಯ ದಿನ ಅಮ್ಮ ತಾನೇ ಡಬ್ಬಿಗೆ ಚಿರೋಟಿ ತುಂಬಿಕೊಂಡು, ತಾತನಿಗೆ ಕೊಟ್ಟುಬರೋಣ ಎಂದಳು. ಹಿಂದಿನ ರಸ್ತೆಗೆ ತಿರುಗುತ್ತಿದ್ದಂತೆ ಅವರ ಮನೆಯ ಮುಂದೆ ಶಾಮಿಯಾನ ಕಾಣಿಸಿತು. ಆ ಆಳು ಎದ್ದು ಬಂದ. ತಾತ ಹೋದದ್ದು ಮದುವೆಯ ದಿನ ಬೆಳಗಿನ ಜಾವ. ಮದುವೆಮನೆಗೆ ಈ ಸುದ್ದಿ ತರಬಾರದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಒಳಗೆ ತಾತನನ್ನು ಮಲಗಿಸಿ, ಅವನು ನಮಗೆ ಚಾಪೆ ಹಾಸಲು ಬಂದಿದ್ದ.

ನಾನು ಅಮ್ಮನ ಮುಖ ನೋಡಿದೆ. ಕಂಬದ ಮುಂದೆ ಅವಳು ಕೇಳಿದ ಮಾತು ನನ್ನ ಕಿವಿಯಲ್ಲಿತ್ತು, ಅವಳ ಕಿವಿಯಲ್ಲೂ ಇತ್ತೆಂದು ಗೊತ್ತಿತ್ತು. ಹಾಲೆರೆದು ಒಂದು ದಿನ ಕಳೆಯುವುದರೊಳಗೆ, ಆ ಹಾಲು ಬಿದ್ದ ಕೈಯೇ ಇಲ್ಲವಾಗಿತ್ತು. ಅಮ್ಮ ಇನ್ನು ಮುಂದೆ ಯಾವುದನ್ನೂ ಮುಟ್ಟುವುದಿಲ್ಲ ಎಂದುಕೊಂಡೆ. ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಕಂಬ ಹಿಡಿದು ನಿಂತಳು.

ತಾತನ ಮಗಳು ಹೊರಗೆ ಬಂದರು. ಅತ್ತು ಅತ್ತು ದನಿ ಕಟ್ಟಿತ್ತು. ಕೂರಲು ಹೇಳಿ, ಅಪ್ಪ ಚಪ್ಪರ ಹಾಕಿದ ದಿನ ನಗುತ್ತ ಮನೆಗೆ ಬಂದರು ಎಂದರು. "ರಾತ್ರಿ ಊಟಕ್ಕೆ ಎಬ್ಬಿಸಿದ್ರೆ, ಮದುವೆಮನೇಲೇ ಆಯ್ತು ಕಣಮ್ಮ, ಬಿಡಲಿಲ್ಲ ಅವರು, ಬಾಳೆಲೆ ಹಾಕಿ ಬಡಿಸಿದ್ರು ಅಂದ್ರು. ಹಾಗೇ ಮಲ್ಕೊಂಡ್ರು. ಉಂಡು ಹೋದ್ರಲ್ಲ, ಅದೇ ನಮಗೆ ಸಮಾಧಾನ."

ನನ್ನ ಕೈಯಲ್ಲಿ ಡಬ್ಬಿ ಇತ್ತು. ಎರಡು ಬಿಸ್ಕತ್ತಿನ ಮೇಲೆ ಅವರನ್ನು ಕಳಿಸಿದ್ದೆವು. ನಮ್ಮ ಮಾನವನ್ನು ಮಗಳ ಮುಂದೆಯೂ ಬಿಟ್ಟುಕೊಡದೆ ಅವರು ಹಸಿದೇ ಮಲಗಿದ್ದರು. ನನಗೆ ತಲೆಯೆತ್ತಲಾಗಲಿಲ್ಲ.

ಅಮ್ಮ ಬಾಗಿಲ ಕಂಬ ಬಿಟ್ಟು ಮುಂದೆ ಹೋಗಿ, ಆಕೆಯ ಎರಡೂ ಕೈ ಹಿಡಿದುಕೊಂಡಳು.

"ಹೌದಮ್ಮ. ನಾನೇ ನನ್ನ ಕೈಯಾರೆ ಬಡಿಸ್ದೆ. ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು."